ಗಾಡಿಗಿಂತ ಮೊದಲು ಲೋಡು

ಕೇಳುಗರಿಗೆಲ್ಲ ನಮಸ್ಕಾರ. ಇವತ್ತು ಮಧ್ಯಮ ಗಾತ್ರದ ಡೀಸೆಲ್ ಲಾರಿಗಳ ಬಗ್ಗೆ ಮಾತಾಡೋಣ. ನಮ್ಮ ಕಡೆ ಎಲ್ಲವನ್ನೂ ಸೇರಿಸಿ ಕ್ಯಾಂಟರ್ ಅಂದುಬಿಡುತ್ತೇವಲ್ಲ, ಆ ಸೈಜಿನ ಗಾಡಿಗಳು. ಐಷರ್, ಟಾಟಾ, ಲೇಲ್ಯಾಂಡ್, ಭಾರತ್ ಬೆಂಜ್, ಮಹೀಂದ್ರಾ ಯಾವುದಾದರೂ ಇರಲಿ. ಕೊಳ್ಳಲು ಹೊರಟವರು ಕೇಳುವುದು ಒಂದೇ ಪ್ರಶ್ನೆ, "ಯಾವ ಕಂಪನಿದು ಚೆನ್ನಾಗಿದೆ ಅಣ್ಣಾ?" ಅಂತ. ನಾನು ತಿರುಗಿ ಕೇಳುವುದೂ ಒಂದೇ. ಏನು ಹೇರುತ್ತೀಯ, ಯಾವ ರಸ್ತೆಯಲ್ಲಿ ಓಡಿಸುತ್ತೀಯ?

ದಾವಣಗೆರೆಯಿಂದ ಮಂಡಕ್ಕಿ ಹೇರುವವನಿಗೆ ಉದ್ದದ ಬಾಡಿ ಬೇಕು. 20 ಅಡಿ, 22 ಅಡಿ ತುಂಬಿದರೂ ತೂಕ ಏರುವುದಿಲ್ಲ. ಅದೇ ಸಿಮೆಂಟ್ ಮೂಟೆ ಆದರೆ 20 ಮೂಟೆಗೇ ಒಂದು ಟನ್ ಆಯಿತು. ಬಾಡಿ ಅರ್ಧ ತುಂಬುವುದರೊಳಗೆ ಗಾಡಿ ಸುಸ್ತು. ಅವನು ಉದ್ದದ ಬಾಡಿಗೆ ದುಡ್ಡು ಸುರಿದರೆ ಸುಮ್ನೆ ದಂಡ, ಗಲ್ಲಿಯಲ್ಲಿ ತಿರುಗಿಸುವ ಕಷ್ಟ ಬೇರೆ.

ಕೋಲಾರದ ಟೊಮೆಟೊ ನೋಡಿ. ಮಾರ್ಕೆಟ್‌ನಲ್ಲಿ ಕ್ರೇಟಿಗೆ 15 ಕಿಲೋ ಲೆಕ್ಕ. ಸರಕೂ ಸೇರಿ ಒಟ್ಟು ತೂಕ 10 ಟನ್ ಇರುವ ಗಾಡಿ ತಗೊಂಡಿರಿ ಅಂದುಕೊಳ್ಳಿ. ಚಾಸಿ, ಕ್ಯಾಬಿನ್, ಬಾಡಿ, ಡೀಸೆಲ್, ಡ್ರೈವರ್, ಕ್ಲೀನರ್ ಎಲ್ಲ ಸೇರಿ ಹೆಚ್ಚುಕಡಿಮೆ 4 ಟನ್ ಅಲ್ಲೇ ಹೋಯಿತು. ಉಳಿದದ್ದು 6 ಟನ್, ಅಂದರೆ 400 ಕ್ರೇಟು. ಲೆಕ್ಕ ಸರಿಯಾಯಿತು ಅಂತ ಹಗ್ಗ ಬಿಗಿಯುತ್ತೀರಿ. ಆದರೆ ಆ 15 ಕಿಲೋ ಬರೀ ಹಣ್ಣಿನದು. ಖಾಲಿ ಕ್ರೇಟು ಒಂದೂವರೆ ಕಿಲೋ ತೂಗಿದರೂ 400ಕ್ಕೆ 600 ಕಿಲೋ ಆಗುತ್ತದೆ. ಅದನ್ನು ಯಾರೂ ಎಣಿಸುವುದಿಲ್ಲ, ವೇ ಬ್ರಿಡ್ಜ್ ಎಣಿಸುತ್ತದೆ. ಓವರ್‌ಲೋಡ್‌ಗೆ ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿ ಆದಮೇಲೆ ದಂಡ 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಪ್ರತಿ ಟನ್‌ಗೆ 2,000. ಆ ಟ್ರಿಪ್‌ನ ಬಾಡಿಗೆ ಅಲ್ಲಿಗೆ ಮುಗಿಯಿತು ಅಲ್ವಾ?

ಹಾಗಾಗಿ ಶೋರೂಮಿನಲ್ಲಿ ಹಾರ್ಸ್‌ಪವರ್ ಕೇಳುವ ಮುಂಚೆ ಒಟ್ಟು ತೂಕ ಎಷ್ಟು, ಖಾಲಿ ತೂಕ ಎಷ್ಟು ಅಂತ ಕೇಳಿ. ಚಾಸಿ ಮಾತ್ರ ತಗೊಂಡು ಹೊರಗೆ ಬಾಡಿ ಕಟ್ಟಿಸುವವರಾದರೆ ಕಟ್ಟಿದ ಮೇಲೆ ಒಮ್ಮೆ ತೂಗಿಸಿ. ಗಟ್ಟಿ ಇರಲಿ ಅಂತ ದಪ್ಪ ಶೀಟು, ದಪ್ಪ ಚಾನೆಲ್ ಹಾಕಿಸುತ್ತೀರಿ. ಆ ಕಬ್ಬಿಣವನ್ನು ಮುಂದೆ ವರ್ಷಗಟ್ಟಲೆ ಬಾಡಿಗೆ ಇಲ್ಲದೆ ಹೊತ್ತು ತಿರುಗಬೇಕು.

ಕಾನೂನಿನ ಪ್ರಕಾರ ಒಟ್ಟು ತೂಕ 7,500 ಕಿಲೋವರೆಗೆ ಲಘು ವಾಹನ, ಅಲ್ಲಿಂದ 12,000 ಕಿಲೋವರೆಗೆ ಮಧ್ಯಮ, ಅದರ ಮೇಲೆ ಭಾರಿ. ಎಲ್‌ಎಂವಿ, ಅಂದರೆ ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕಿಲೋ ಒಳಗಿನ ಸರಕು ಗಾಡಿ ಓಡಿಸಬಹುದು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿಮ್ಮ ಗಾಡಿ ಆ ಗೆರೆ ದಾಟಿದರೆ ಎಲ್‌ಎಂವಿ ಸಾಲುವುದಿಲ್ಲ. ಡ್ರೈವರ್ ಸಿಗುವುದೇ ಕಷ್ಟ ಆಗಿರುವ ಕಾಲದಲ್ಲಿ ಇದನ್ನೂ ನೋಡಿಕೊಂಡೇ ಗಾಡಿ ಆರಿಸಬೇಕು.

ಇನ್ನು ರಸ್ತೆ. 2020ರ ಏಪ್ರಿಲ್‌ನಿಂದ ಮಾರಾಟ ಆಗುವುದೆಲ್ಲ ಬಿಎಸ್ 6 ಅನ್ನುವ ಹೊಗೆ ನಿಯಮದ ಗಾಡಿಗಳೇ. ಇವುಗಳ ಸೈಲೆನ್ಸರ್ ಈಗ ಬರೀ ಸೈಲೆನ್ಸರ್ ಅಲ್ಲ. ಹೆಚ್ಚಿನ ಗಾಡಿಗಳಲ್ಲಿ ಮಸಿ ಹಿಡಿಯುವ ಡಿಪಿಎಫ್ ಅನ್ನುವ ಫಿಲ್ಟರ್ ಇರುತ್ತದೆ. ಹೈವೇಯಲ್ಲಿ ಒಂದೇ ಸಮನೆ ಓಡಿದಾಗ ಅದು ಕಾದು ಒಳಗಿನ ಮಸಿ ತಾನೇ ಸುಟ್ಟುಹೋಗುತ್ತದೆ. ಬೆಂಗಳೂರಿನೊಳಗೆ ದಿನವಿಡೀ ಎರಡು ಕಿಲೋಮೀಟರ್ ಓಡಿ ನಿಲ್ಲಿಸಿ, ಮತ್ತೆ ಎರಡು ಕಿಲೋಮೀಟರ್ ಓಡಿ ನಿಲ್ಲಿಸುವ ಗಾಡಿಗೆ ಆ ಬಿಸಿಯೇ ಬರುವುದಿಲ್ಲ. ಮಸಿ ತುಂಬಿದ ಮೇಲೆ ಡ್ಯಾಶ್‌ಬೋರ್ಡ್‌ನಲ್ಲಿ ಲೈಟ್ ಬರುತ್ತದೆ, ಡ್ರೈವರ್ ನೋಡಿಯೂ ನೋಡದ ಹಾಗೆ ಇರುತ್ತಾನೆ, ಕೊನೆಗೊಂದು ದಿನ ಗಾಡಿ ಎಳೆಯುವುದೇ ಇಲ್ಲ. ಲೈಟ್ ಬಂದಾಗ ಪುಸ್ತಕದಲ್ಲಿ ಹೇಳಿದ ಹಾಗೆ ಗಾಡಿಯನ್ನು ಬಯಲಲ್ಲಿ ನಿಲ್ಲಿಸಿ ಫಿಲ್ಟರ್‌ನ ಮಸಿ ಸುಡಲು ಬಿಡಬೇಕು, ಮಧ್ಯದಲ್ಲಿ ಎಂಜಿನ್ ಆಫ್ ಮಾಡಬಾರದು. ಕೆಳಗೆ ಒಣಹುಲ್ಲು ಇರಬಾರದು, ಪೈಪು ಅಷ್ಟು ಕಾಯುತ್ತದೆ. ಪೂರ್ತಿ ಸಿಟಿ ಕೆಲಸವೇ ಆದರೆ ಸಿಎನ್‌ಜಿ ಗಾಡಿಯನ್ನೂ ಒಮ್ಮೆ ನೋಡಿ, ಡೀಸೆಲ್ಲೇ ಬೇಕು ಅಂತ ಹಟ ಬೇಡ.

ಯೂರಿಯಾ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ನೀಲಿ ಮುಚ್ಚಳದ ಟ್ಯಾಂಕಿಗೆ, ಹೊಗೆ ಶುದ್ಧ ಮಾಡಲು ಹಾಕುವ ಡಿಇಎಫ್ ಅನ್ನುವ ದ್ರವದಲ್ಲಿ ಯೂರಿಯಾ 32.5 ಪರ್ಸೆಂಟ್, ಮಿಕ್ಕಿದ್ದು ಶುದ್ಧ ನೀರು. ಹೊಲಕ್ಕೆ ಹಾಕುವ ಯೂರಿಯಾನ ಬಕೆಟ್‌ನಲ್ಲಿ ಕಲಸಿ ಹಾಕುವ ಬುದ್ಧಿವಂತರೂ ಇದ್ದಾರೆ. ಅದರ ಕಸ, ಉಪ್ಪು ಹೋಗಿ ಕೂರುವುದು ಪಂಪು, ನಾಜಲ್‌ನಲ್ಲಿ. ಉಳಿಸಿದ್ದಕ್ಕಿಂತ ರಿಪೇರಿ ಬಿಲ್ಲೇ ಜಾಸ್ತಿ ಬರುತ್ತದೆ.

ಈಗ ಓಡಿಸುವುದಕ್ಕೆ ಬರೋಣ. ಘಟ್ಟದ ಬಗ್ಗೆಯೇ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಗಾಡಿ ಹತ್ತದಿದ್ದರೆ ನಿಂತುಕೊಳ್ಳುತ್ತದೆ ಅಷ್ಟೇ, ಇಳಿಯುವಾಗ ನಿಲ್ಲದಿದ್ದರೆ ಗತಿ ಏನು? ಶಿರಾಡಿ ಘಾಟಿ ತಗೊಳ್ಳಿ. ಹೆಗ್ಗದ್ದೆಯಿಂದ ಅಡ್ಡಹೊಳೆಗೆ 26 ಕಿಲೋಮೀಟರ್ ಕಾಂಕ್ರೀಟ್ ರಸ್ತೆ. ಗುಂಡಿ ಇಲ್ಲದ ರಸ್ತೆ ಅಂತ ಖುಷಿಯಲ್ಲಿ ಗಾಡಿ ಬಿಟ್ಟರೆ ಸ್ಪೀಡ್ ಏರಿದ್ದೇ ಗೊತ್ತಾಗುವುದಿಲ್ಲ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಡ್ರಮ್ಮು, ಲೈನರ್ರು ಕಾದು ಸುಟ್ಟ ವಾಸನೆ ಕ್ಯಾಬಿನ್‌ಗೇ ಬರುತ್ತದೆ. ಆಮೇಲೆ ಪೆಡಲ್ ಒತ್ತಿದರೂ ಬ್ರೇಕ್ ಹಿಡಿಯುವುದಿಲ್ಲ. ವಾಸನೆ ಬಂತು ಅಂದರೆ ಆಗಲೇ ತಡವಾಗಿದೆ. ಸೈಡಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ತಣ್ಣಗಾಗುವವರೆಗೆ ಕೂರಬೇಕು. ಬಿಸಿ ಡ್ರಮ್ಮಿಗೆ ನೀರು ಎರಚಬೇಡಿ, ಸೀಳು ಬಿಡುತ್ತದೆ.

ಹತ್ತುವ ಗೇರಿನಲ್ಲೇ ಇಳಿ ಅಂತ ಹಳೇ ಡ್ರೈವರ್‌ಗಳು ಹೇಳುತ್ತಿದ್ದರು. ಈಗಿನ ಎಂಜಿನ್‌ಗಳು ಮೇಲಿನ ಗೇರಿನಲ್ಲೇ ಹತ್ತಿಬಿಡುತ್ತವೆ, ಹಾಗಾಗಿ ಫುಲ್ ಲೋಡ್ ಇದ್ದರೆ ನಾನು ಇನ್ನೂ ಒಂದು ಗೇರ್ ಕಡಿಮೆ ಅನ್ನುತ್ತೇನೆ. ಇಳಿಜಾರು ಶುರುವಾಗುವ ಮುಂಚೆಯೇ ಗೇರ್ ಇಳಿಸಿಕೊಳ್ಳಿ, ನಡುವೆ ಬದಲಿಸಲು ಹೋಗಿ ಗೇರ್ ಬೀಳದಿದ್ದರೆ ಗಾಡಿ ಕೈತಪ್ಪುತ್ತದೆ. ಎಕ್ಸಾಸ್ಟ್ ಬ್ರೇಕ್ ಇದ್ದರೆ ಹಾಕಿ. ಅದು ಹೊಗೆ ಹೋಗುವ ದಾರಿಯನ್ನೇ ಮುಚ್ಚಿ ಎಂಜಿನ್‌ನಿಂದಲೇ ಗಾಡಿ ಹಿಡಿಸುವ ವ್ಯವಸ್ಥೆ. ಆರ್‌ಪಿಎಂ ಚೆನ್ನಾಗಿ ಇದ್ದಾಗಲೇ ಅದಕ್ಕೆ ಶಕ್ತಿ, ಮೇಲಿನ ಗೇರಿನಲ್ಲಿ ಹಾಕಿ ಕೆಲಸ ಮಾಡುತ್ತಿಲ್ಲ ಅಂತ ಬೈಯಬೇಡಿ. ಆದರೆ ಮಳೆಗಾಲದಲ್ಲಿ ಖಾಲಿ ಗಾಡಿಯಲ್ಲಿ ಅದನ್ನು ಹಾಕುವಾಗ ಹುಷಾರು, ಹಿಂದಿನ ಚಕ್ರ ಜಾರುತ್ತದೆ.

ಇನ್ನೊಂದು ಹಳೇ ಚಾಳಿ, ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವುದು. ಡೀಸೆಲ್ ಉಳಿಯುತ್ತದಂತೆ! ಈಗಿನ ಕಾಮನ್ ರೈಲ್ ಎಂಜಿನ್ ಗೇರಿನಲ್ಲಿದ್ದು ನೀವು ಎಕ್ಸಿಲೇಟರ್ ಬಿಟ್ಟರೆ ಡೀಸೆಲ್ ಇಂಜೆಕ್ಷನ್ನೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಐಡಲ್ ಆಗಿ ಉರಿಯಲು ಡೀಸೆಲ್ ಬೇಕೇ ಬೇಕು. ಅಂದರೆ ಉಳಿಯುವುದೂ ಇಲ್ಲ, ಎಂಜಿನ್ ಹಿಡಿತವೂ ಹೋಯಿತು.

ಬೆಳಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಹೊರಡಬೇಡಿ, ಬ್ರೇಕಿನ ಗಾಳಿ ಒತ್ತಡ ತೋರಿಸುವ ಏರ್ ಗೇಜ್ ಏರುವವರೆಗೆ ಕಾಯಿರಿ. ದೂರ ಓಡಿ ಬಂದಾಗ ಅರ್ಧ ಒಂದು ನಿಮಿಷ ಐಡಲ್ ಬಿಟ್ಟು ಆಮೇಲೆ ಆಫ್ ಮಾಡಿ, ಟರ್ಬೊ ಬಾಳಿಕೆ ಬರುತ್ತದೆ.

ಎಸಿ ಬಗ್ಗೆಯೂ ಕೇಳುತ್ತಾರೆ. ಈಗ ಹೊಸದಾಗಿ ತಯಾರಾಗುವ ಈ ಸೈಜಿನ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ. ಡ್ರೈವರ್‌ಗೆ ಯಾಕಪ್ಪಾ ಎಸಿ ಅನ್ನುವ ಓನರ್‌ಗಳು ಮೇ ತಿಂಗಳಲ್ಲಿ ರಾಯಚೂರಿನವರೆಗೆ ಒಮ್ಮೆ ತಾವೇ ಓಡಿಸಿಕೊಂಡು ಹೋಗಿ ಬರಲಿ.

ಸೆಕೆಂಡ್ ಹ್ಯಾಂಡ್ ನೋಡುತ್ತಿದ್ದರೆ ಪೇಂಟ್ ನೋಡಬೇಡಿ, ಕೆಳಗೆ ಬಗ್ಗಿ. ಹಿಂದಿನ ಸ್ಪ್ರಿಂಗ್‌ನಲ್ಲಿ ಕಂಪನಿ ಕೊಟ್ಟದ್ದಕ್ಕಿಂತ ಹೆಚ್ಚು ಪ್ಲೇಟ್ ಇದ್ದರೆ ಆ ಗಾಡಿ ಓವರ್‌ಲೋಡ್‌ನಲ್ಲೇ ದುಡಿದಿದೆ. ಚಾಸಿಯಲ್ಲಿ ವೆಲ್ಡಿಂಗ್ ಗುರುತು ಹುಡುಕಿ. ಏರ್ ಟ್ಯಾಂಕ್ ಕೆಳಗಿನ ರಿಂಗ್ ಎಳೆಯಿರಿ. ಬರೀ ನೀರು ಬಂದರೆ ಚಿಂತೆಯಿಲ್ಲ, ಎಣ್ಣೆ ಜಾಸ್ತಿ ಬಂದರೆ ಕಂಪ್ರೆಸರ್ ಸವೆದಿದೆ. ಎಂಜಿನ್ ಓಡುವಾಗ ಆಯಿಲ್ ಮುಚ್ಚಳ ಬಿಚ್ಚಿ ಅಲ್ಲೇ ಮಗುಚಿ ಇಡಿ. ಅದು ಕುಣಿದು ಹಾರಿಬಿದ್ದರೆ ಪಿಸ್ಟನ್ ರಿಂಗುಗಳ ಕಥೆ ಮುಗಿದಿದೆ. ಕೊನೆಗೆ ಲೋಡ್ ಹಾಕಿ ಒಂದು ಏರು ಹತ್ತಿಸಿ ಇಳಿಸಿ ನೋಡುತ್ತೇನೆ ಅನ್ನಿ. ಮಾರುವವರು ಅದಕ್ಕೆ ಬೇಡ ಅಂದರೆ ಬೇರೆ ಗಾಡಿ ನೋಡಿ. ನಮಸ್ಕಾರ.