ಸರೋವರದ ಮೇಲಿನ ಏಣು: ದೇವರಿಯಾ ತಾಲ್‌ನಿಂದ ಚಂದ್ರಶಿಲಾವರೆಗೆ

ಮಾನ್ಯ ಸಭಿಕರೆ,

ಉತ್ತರಾಖಂಡದ ರುದ್ರಪ್ರಯಾಗ ಜಿಲ್ಲೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 2,400 ಮೀಟರ್ ಎತ್ತರದ ಕಾಡುಗುಡ್ಡದ ಮೇಲೆ, ದೇವರಿಯಾ ತಾಲ್ ಎಂಬ ಪುಟ್ಟ ಸರೋವರವಿದೆ. ಅಲ್ಲಿಗೆ ಹೋಗುವವರಲ್ಲಿ ಬಹಳಷ್ಟು ಮಂದಿ ದಡದಲ್ಲಿ ನಿಂತು, ನೀರಿನಲ್ಲಿ ಮೂಡಿದ ಹಿಮಶಿಖರದ ಬಿಂಬವನ್ನು ಕಣ್ತುಂಬಿಕೊಂಡು, ಬಂದ ದಾರಿಯಲ್ಲೇ ಇಳಿದುಬಿಡುತ್ತಾರೆ. ನಾನು ಇಂದು ತಮ್ಮ ಮುಂದೆ ಒತ್ತಿ ಹೇಳಬೇಕೆಂದಿರುವ ಮಾತು ಒಂದೇ. ಸರೋವರದ ಬಳಿ ನಿಲ್ಲದೆ, ಅದರ ಮೇಲಿನ ಏಣನ್ನು, ಅಂದರೆ ಬೆಟ್ಟದ ನೆತ್ತಿಯ ಉದ್ದನೆಯ ಅಂಚನ್ನು ಹಿಡಿದು, ರೋಹಿಣಿ ಬುಗ್ಯಾಲ್ ಎಂಬ ಹುಲ್ಲುಬಯಲು, ಚೋಪ್ತಾ, ತುಂಗನಾಥ ದೇವಾಲಯಗಳನ್ನು ದಾಟಿ ಚಂದ್ರಶಿಲಾ ಶಿಖರದವರೆಗೂ ನಡೆಯಬೇಕು. ಆ ನೀರು ಅಲ್ಲಿ ಯಾವುದರ ಬಲದಿಂದ ನಿಂತಿದೆ, ಅದರಲ್ಲಿ ಬಿಂಬಿಸುವ ಹಿಮಶಿಖರ ಯಾವ ನದಿಗಳಿಗೆ ತಾಯಿ ಎಂಬುದು ದಡದಲ್ಲಿ ಕುಳಿತವರಿಗೆ ಕಾಣಿಸುವುದಿಲ್ಲ. ಮೇಲಿನ ದಾರಿಯಲ್ಲಿ ಹೆಜ್ಜೆಹೆಜ್ಜೆಗೂ ಕಾಣುತ್ತದೆ.

ಋಷಿಕೇಶದಿಂದ ಹೊರಟ ರಸ್ತೆ ಮೊದಲು ಗಂಗೆಯನ್ನೂ ದೇವಪ್ರಯಾಗದ ನಂತರ ಅಲಕನಂದೆಯನ್ನೂ ಅನುಸರಿಸಿ ರುದ್ರಪ್ರಯಾಗವನ್ನು ಮುಟ್ಟುತ್ತದೆ. ಅಲ್ಲಿಂದ ಮುಂದೆ ಮಂದಾಕಿನಿಯ ಕಣಿವೆಯಲ್ಲಿ ಸಾಗಿ ಊಖೀಮಠಕ್ಕೆ ಏರುತ್ತದೆ. ಕನ್ನಡಿಗರಾದ ನಾವು ಈ ಊರಿನಲ್ಲಿ ಒಂದು ರಾತ್ರಿಯಾದರೂ ತಂಗಬೇಕೆಂಬುದು ನನ್ನ ಆಸೆ. ಚಳಿಗಾಲದಲ್ಲಿ ಕೇದಾರನಾಥದ ಬಾಗಿಲು ಮುಚ್ಚಿದಾಗ ದೇವರ ಉತ್ಸವಮೂರ್ತಿಗೆ ಇಲ್ಲಿನ ಓಂಕಾರೇಶ್ವರ ದೇವಾಲಯದಲ್ಲಿ ಪೂಜೆ ನಡೆಯುತ್ತದೆ. ಕೇದಾರನಾಥದ ಪ್ರಧಾನ ಅರ್ಚಕರಾದ ರಾವಲರು ಕರ್ನಾಟಕ ಮೂಲದ ವೀರಶೈವ ಜಂಗಮರು; ಬಾಳೆಹೊನ್ನೂರಿನ ರಂಭಾಪುರಿ ಪೀಠ ಯಾವ ಪಂಚಪೀಠಗಳ ಸಾಲಿಗೆ ಸೇರಿದೆಯೋ ಅದೇ ಸಾಲಿನ ಕೇದಾರ ಪೀಠದ ನೆಲೆ ಊಖೀಮಠ. ಸಾವಿರಕ್ಕೂ ಹೆಚ್ಚು ಮೈಲಿ ದೂರದ ಈ ಗಢವಾಲ ಸೀಮೆಯ ಬೆಟ್ಟಕ್ಕೂ ನಮ್ಮ ನಾಡಿಗೂ ನಡುವೆ ಹೀಗೆ ಜನ ಓಡಾಡಿದ ಹಳೆಯ ದಾರಿಯೊಂದಿದೆ ಎಂಬುದು ಚಾರಣಕ್ಕೆ ಹೋಗುವ ನಮ್ಮ ತರುಣರಿಗೆ ತಿಳಿದಿರಬೇಕು.

ಊಖೀಮಠದಿಂದ ಸ್ವಲ್ಪ ದೂರದಲ್ಲಿರುವ ಸಾರಿ ಗ್ರಾಮದಲ್ಲಿ ಕಾಲುದಾರಿ ಆರಂಭವಾಗುತ್ತದೆ. ಈ ಗ್ರಾಮ ಹೆಚ್ಚುಕಡಿಮೆ 2,000 ಮೀಟರ್ ಎತ್ತರದಲ್ಲಿದೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್ ಎಂಬುದನ್ನು ನೆನೆದರೆ, ನಮ್ಮ ಏರುವಿಕೆ ಮುಗಿಯುವ ಎತ್ತರದಲ್ಲಿ ಅಲ್ಲಿನ ಏರುವಿಕೆ ತೊಡಗುತ್ತದೆ ಎನ್ನಬಹುದು. ಮನೆಗಳನ್ನೂ ಮೆಟ್ಟಿಲುಗದ್ದೆಗಳನ್ನೂ ದಾಟಿ ಕಲ್ಲುಹಾಸಿನ ದಾರಿಯಲ್ಲಿ ಎರಡೂವರೆ ಮೂರು ಕಿಲೋಮೀಟರ್ ಏರಿದರೆ ಸರೋವರ ಸಿಗುತ್ತದೆ.

ದೇವರಿಯಾ ತಾಲ್ ದೊಡ್ಡ ಸರೋವರವಲ್ಲ; ಆರಾಮವಾಗಿ ಒಂದು ಸುತ್ತು ಬಂದುಬಿಡಬಹುದು. ಹಿಮನದಿ ಕರಗಿ ಇಳಿದ ನೀರು ಇದಕ್ಕಿಲ್ಲ, ಹರಿದುಬಂದು ಸೇರುವ ದೊಡ್ಡ ತೊರೆಯೂ ಇಲ್ಲ. ವನವಾಸದಲ್ಲಿದ್ದ ಪಾಂಡವರಿಗೆ ಯಕ್ಷನು ಪ್ರಶ್ನೆ ಕೇಳಿದ ಕೊಳ ಇದೇ ಎಂದು ಸ್ಥಳೀಯರು ನಂಬುತ್ತಾರೆ. ಉತ್ತರ ಹೇಳದೆ ನೀರು ಮುಟ್ಟಬಾರದೆಂದು ಯಕ್ಷನು ತಡೆದ ಕಥೆ ನಮಗೆಲ್ಲ ಗೊತ್ತು. ಹೊಸ ನೀರು ಹರಿದು ತೊಳೆಯದ ಕೊಳದ ವಿಷಯದಲ್ಲಿ ಅಂಥ ತಡೆ ಇಂದಿಗೂ ಬೇಕೆಂದೇ ನನಗೆ ಅನ್ನಿಸುತ್ತದೆ. ಇಂಥ ಕೊಳಕ್ಕೆ ಬಿದ್ದ ಸಾಬೂನಿನ ನೊರೆಯಾಗಲಿ ಎಂಜಲಾಗಲಿ ಕೆಳಗೆ ಹರಿದುಹೋಗುವುದಿಲ್ಲ, ಅಲ್ಲೇ ಕೊಳೆಯುತ್ತದೆ.

ಬಿಂಬದ ವಿಷಯಕ್ಕೆ ಬರೋಣ. ಸರೋವರದ ಉತ್ತರಕ್ಕೆ ಚೌಖಂಬಾ ಪರ್ವತ ನಿಂತಿದೆ. ಅದಕ್ಕೆ ನಾಲ್ಕು ಶಿಖರಗಳು. ಎಲ್ಲಕ್ಕಿಂತ ಎತ್ತರದ್ದು 7,138 ಮೀಟರ್. ನಸುಕಿನಲ್ಲಿ ಗಾಳಿ ಅಲುಗಾಡದಿರುವಾಗ ನೀರಿನ ಮೇಲ್ಮೈ ನುಣುಪಾಗಿರುತ್ತದೆ, ಶಿಖರ ಇಡಿಯಾಗಿ ಮೂಡುತ್ತದೆ. ಸೂರ್ಯ ಏರಿದಂತೆ ಬಿಸಿಲಿಗೆ ತೆರೆದ ಇಳಿಜಾರುಗಳು ಕಾಯುತ್ತವೆ, ಅವುಗಳ ಮೇಲಿನ ಗಾಳಿ ಬಿಸಿಯಾಗಿ ಮೇಲೇಳುತ್ತದೆ, ಆ ತೆರವಿಗೆ ಕಣಿವೆಯ ಗಾಳಿ ನುಗ್ಗುತ್ತದೆ; ನೀರಿನಲ್ಲಿ ಸಣ್ಣ ಅಲೆಯೆದ್ದು ಬಿಂಬ ಒಡೆಯುತ್ತದೆ. ಆ ಹೊತ್ತಿಗೆ ಆವಿಯೂ ಮೇಲೇರಿ ಶಿಖರದ ಸುತ್ತ ಮೋಡ ಕಟ್ಟತೊಡಗಿರುತ್ತದೆ. ಆದ್ದರಿಂದ ಮಧ್ಯಾಹ್ನ ಬಂದು ನಿರಾಶರಾಗಿ ಹೋಗುವವರನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಸಾರಿಯಲ್ಲಿ ಗ್ರಾಮಸ್ಥರ ಮನೆಯಲ್ಲೇ ತಂಗಿ, ಬೆಳಗಾಗುವ ಮೊದಲೇ ಟಾರ್ಚ್ ಹಿಡಿದು ಹೊರಟರೆ ಆ ಹೊತ್ತು ತಪ್ಪುವುದಿಲ್ಲ.

ಆದರೆ ಚೌಖಂಬಾ ಎಂದರೆ ಅದರ ಬಿಂಬವಷ್ಟೇ ಅಲ್ಲ. ಈ ಪರ್ವತದ ಪಶ್ಚಿಮ ಮೈಯ ಹಿಮ ಗಂಗೋತ್ರಿ ಹಿಮನದಿಯಾಗಿ ಇಳಿದು ಗೋಮುಖದಲ್ಲಿ ಭಾಗೀರಥಿಯಾಗುತ್ತದೆ. ಪೂರ್ವ ಮೈಯ ಹಿಮ ಸತೋಪಂಥ್ ಮತ್ತು ಭಾಗೀರಥ ಖರಕ್ ಹಿಮನದಿಗಳಾಗಿ ಇಳಿದು ಅಲಕನಂದೆಯಾಗುತ್ತದೆ. ಒಂದೇ ಪರ್ವತದ ಎರಡು ಮಗ್ಗುಲಲ್ಲಿ ಬೇರೆಯಾದ ನೀರು ದೇವಪ್ರಯಾಗದಲ್ಲಿ ಕೂಡಿ ಗಂಗೆಯೆಂಬ ಹೆಸರು ಪಡೆಯುತ್ತದೆ. ಇದನ್ನು ತಿಳಿದು ನೋಡಿದವರಿಗೆ, ತಾವು ಬಸ್ಸಿನಲ್ಲಿ ದಾಟಿ ಬಂದ ಆ ಸಂಗಮವೇ ಈ ಹಿಮದೊಳಗೆ ಅಡಗಿದೆ ಎಂಬುದು ಹೊಳೆಯುತ್ತದೆ.

ಈಗ ಸರೋವರದ ಮೇಲಿನ ದಾರಿ. ದಡವನ್ನು ಬಿಟ್ಟು ಏಣಿನ ಮೇಲೆ ನಡೆಯತೊಡಗಿದ ಕೂಡಲೇ ಜನಸಂದಣಿ ಕರಗುತ್ತದೆ. ಚೋಪ್ತಾ ತಲುಪಲು ಗಟ್ಟಿ ಕಾಲಿನವರಿಗೆ ಇಡೀ ಒಂದು ದಿನ ಬೇಕು, ಸಾವಧಾನವಾಗಿ ನಡೆಯುವವರಿಗೆ ಎರಡು ದಿನ. ಈ ದಾರಿಯ ನಿಜವಾದ ಸಂಪತ್ತು ಕಾಡು. ಸಾರಿಯ ಆಸುಪಾಸಿನಲ್ಲಿ ಬಾಂಜ್ ಎಂಬ ಓಕ್ ಮರ, ಸರೋವರದ ಸುತ್ತ ಮೋರು ಎಂಬ ಇನ್ನೊಂದು ಓಕ್, ಮತ್ತೂ ಮೇಲೆ ಖರ್ಸು ಎಂಬ ಮೂರನೆಯದು, ಹೀಗೆ ಒಂದೇ ಕುಲದ ಮರಗಳು ಎತ್ತರಕ್ಕೆ ತಕ್ಕಂತೆ ಒಂದರ ಮೇಲೊಂದು ನೆಲೆ ಹಿಡಿದಿವೆ. ಖರ್ಸುವಿನ ಕಾಯಿ ಮಳೆಗಾಲದಲ್ಲಿ ಮಾಗುತ್ತದೆ. ಬಿದ್ದ ಬೀಜ ತಡಮಾಡದೆ ಮೊಳೆಯುತ್ತದೆ, ಎಷ್ಟೋ ವೇಳೆ ಮರದಲ್ಲಿರುವಾಗಲೇ ಮೊಳಕೆ ಮೂಡಿರುತ್ತದೆ. ಆ ವರ್ಷ ಮಳೆ ಹಿಂದುಮುಂದಾದರೆ ಒಂದು ತಲೆಮಾರಿನ ಸಸಿಗಳೇ ಇಲ್ಲವಾಗಬಹುದು. ಓಕ್ ಕಾಡಿನ ನೆಲವನ್ನು ಒಮ್ಮೆ ಕೈಯಿಂದ ಮುಟ್ಟಿ ನೋಡಬೇಕು. ತರಗೆಲೆಯ ದಪ್ಪ ಹಾಸು, ಅದರ ಕೆಳಗೆ ಎಲೆ ಕೊಳೆತು ಆದ ಕಪ್ಪು ಹ್ಯೂಮಸ್, ಕೊಂಬೆಗಳ ಮೇಲೆಲ್ಲ ಹಾವಸೆ. ಮಳೆ ನಿಂತು ದಿನಗಳಾದರೂ ಅದೆಲ್ಲ ತೇವವಾಗಿಯೇ ಇರುತ್ತದೆ. ಬಿದ್ದ ಮಳೆಯನ್ನು ಇಂಥ ನೆಲ ಹೀರಿಟ್ಟುಕೊಂಡು ನಿಧಾನವಾಗಿ ಬಿಡುವುದರಿಂದಲೇ ಕೆಳಗಿನ ಊರುಗಳ ಒರತೆಗಳು ಬೇಸಿಗೆಯಲ್ಲೂ ಬತ್ತುವುದಿಲ್ಲ; ಹಿಮನದಿಯ ಆಸರೆಯಿಲ್ಲದ ಸರೋವರಕ್ಕೂ ಸುತ್ತಲ ಕಾಡಿನ ಇದೇ ಗುಣ ಆಧಾರ. ಮಂದಾಕಿನಿಯ ತಗ್ಗಿನ ಬೆಟ್ಟಗಳಲ್ಲಿ ಕಾಣುವ ಚೀಡ್ ಪೈನ್ ಮರದ ಕೆಳಗಿನ ಒಣ ಸೂಜಿಯೆಲೆಗಳ ನೆಲವನ್ನು ಇದರೊಡನೆ ಹೋಲಿಸಿ ನೋಡಿದರೆ ವ್ಯತ್ಯಾಸ ತಾನಾಗಿಯೇ ತಿಳಿಯುತ್ತದೆ.

ಊರಿಗೆ ಹತ್ತಿರದ ಕೆಲವು ಓಕ್ ಮರಗಳು ಕೊಂಬೆಯಿಲ್ಲದ ಕಂಬಗಳಂತೆ ನಿಂತಿರುವುದೂ ಕಾಣುತ್ತದೆ. ಚಳಿಗಾಲದಲ್ಲಿ ಹಸುರು ಹುಲ್ಲು ಸಿಗದಾಗ ದನಕರುಗಳಿಗೆ ಓಕ್ ಸೊಪ್ಪೇ ಗತಿ. ಬೆಟ್ಟದ ಹೆಣ್ಣುಮಕ್ಕಳು ಮೈಲಿಗಟ್ಟಲೆ ಏರಿ ಸೊಪ್ಪಿನ ಹೊರೆ ಹೊತ್ತು ಇಳಿಯುತ್ತಾರೆ. ಅವರನ್ನು ಕಾಡಿನ ಶತ್ರುಗಳೆಂದು ಬಗೆಯುವುದು ಅನ್ಯಾಯ. ಕಾಡಿನ ಅಳಿವು ಉಳಿವನ್ನು ಅವರಷ್ಟು ಹತ್ತಿರದಿಂದ ಬಲ್ಲವರು ಬೇರೆ ಯಾರೂ ಇಲ್ಲ.

ಓಕ್ ಮರಗಳ ನಡುವೆ ಉತ್ತರಾಖಂಡದ ರಾಜ್ಯವೃಕ್ಷವಾದ ಬುರಾಂಶ್ ಬೆಳೆದಿದೆ. ನೀಲಗಿರಿಯ ಶೋಲಾ ಕಾಡುಗಳಲ್ಲಿ ಕೆಂಪು ಹೂ ಬಿಡುವ ರೋಡೋಡೆಂಡ್ರಾನ್ ಇದರ ದಾಯಾದಿ. ಹಿಮಾಲಯದ ಕುಲವೊಂದು ದಕ್ಷಿಣದ ಎತ್ತರಗಳಲ್ಲೂ ಉಳಿದುಕೊಂಡಿರುವುದು ಸಸ್ಯಶಾಸ್ತ್ರಜ್ಞರನ್ನು ಬಹುಕಾಲದಿಂದ ಸೆಳೆದ ಸಂಗತಿ. ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ತಗ್ಗಿನ ಮರಗಳು ಕಡುಗೆಂಪು ಹೂಗಳಿಂದ ತುಂಬುತ್ತವೆ. ಮೇಲೇರಿದಂತೆ ಬಣ್ಣ ತಿಳಿಯಾಗುತ್ತ ಗುಲಾಬಿಗೆ ತಿರುಗುತ್ತದೆ. ಸುಮಾರು 3,300 ಮೀಟರ್ ಎತ್ತರದಲ್ಲಿ ಮರಗಳು ಕುಳ್ಳಾಗಿ, ಪೊದೆಗಳಾಗಿ, ಕಡೆಗೆ ಇಲ್ಲವಾಗುತ್ತವೆ. ಅದರ ಮೇಲೆ ಹುಲ್ಲುಗಾವಲು, ಅದಕ್ಕೂ ಮೇಲೆ ಬಂಡೆ. ಸಾರಿಯಿಂದ ಚಂದ್ರಶಿಲಾವರೆಗಿನ ಏರಿಕೆ 1,600 ಮೀಟರ್‌ಗೂ ಹೆಚ್ಚು. ಸಾವಿರ ಮೀಟರಿಗೆ ಆರೂವರೆ ಡಿಗ್ರಿ ಎಂಬ ಸಾಮಾನ್ಯ ಲೆಕ್ಕದಲ್ಲಿ ಉಷ್ಣತೆ ಹತ್ತು ಡಿಗ್ರಿಯಷ್ಟು ಇಳಿಯುತ್ತದೆ, ಆ ಇಳಿಕೆಯನ್ನೇ ಮರಗಳು ಹೀಗೆ ಕಣ್ಣಿಗೆ ಕಾಣಿಸುತ್ತವೆ.

ರೋಹಿಣಿ ಬುಗ್ಯಾಲ್ ಈ ಕಾಡುಗಳ ನಡುವೆ ತೆರೆದುಕೊಳ್ಳುವ ಹುಲ್ಲುಬಯಲು. ಬುಗ್ಯಾಲಿನ ಹುಲ್ಲುಹಾಸು ನೋಡಲು ಗಟ್ಟಿ, ಆದರೆ ಅದರಡಿಯ ಮಣ್ಣು ತೆಳು. ವರ್ಷದಲ್ಲಿ ಕೆಲವೇ ತಿಂಗಳು ಅದಕ್ಕೆ ಬೆಳೆಯುವ ಅವಕಾಶ. ಒಂದು ಕಡೆ ಬೇರು ಕಿತ್ತರೆ ಮಳೆನೀರು ಅಲ್ಲಿಂದಲೇ ಕೊರೆದು ಇಳಿಯುತ್ತದೆ. 2018ರಲ್ಲಿ ಉತ್ತರಾಖಂಡದ ಹೈಕೋರ್ಟ್ ಬುಗ್ಯಾಲ್‌ಗಳಲ್ಲಿ ರಾತ್ರಿ ತಂಗುವುದನ್ನು ನಿಷೇಧಿಸಿ, ಬರುವವರ ಸಂಖ್ಯೆಯನ್ನು 200ಕ್ಕೆ ಮಿತಿಗೊಳಿಸಿತು. ಇದರಿಂದ ಚಾರಣದ ಆನಂದ ಕುಂದಿತೆಂದು ದೂರುವವರಿದ್ದಾರೆ. ನಾನು ಆ ಆದೇಶದ ಪಕ್ಷದವನು. ಇದೇ ಸೀಮೆಯಲ್ಲಿ 1972ರಲ್ಲಿ ಸ್ಥಾಪನೆಯಾದ ಕೇದಾರನಾಥ ವನ್ಯಧಾಮದ ಮುಖ್ಯ ಉದ್ದೇಶ ಕಸ್ತೂರಿ ಮೃಗದ ರಕ್ಷಣೆ. ಸಂಜೆ ಮುಂಜಾನೆಗಳಲ್ಲಿ ಓಡಾಡುವ, ಅತ್ಯಂತ ನಾಚುಕೆಯ ಆ ಪ್ರಾಣಿಗೆ ಮರಗಳ ಗಡಿರೇಖೆಯ ಈ ಪೊದೆಗಳೇ ಮನೆ.

ಚೋಪ್ತಾದಲ್ಲಿ ಮತ್ತೆ ಡಾಂಬರು ರಸ್ತೆ, ಅಂಗಡಿ, ವಾಹನಗಳು. ಅಲ್ಲಿಂದ ತುಂಗನಾಥಕ್ಕೆ ಕಲ್ಲುಹಾಸಿನ ಮೂರೂವರೆ ಕಿಲೋಮೀಟರ್. ಪಂಚಕೇದಾರಗಳೆಂಬ ಐದು ಶಿವಕ್ಷೇತ್ರಗಳಲ್ಲಿ ಶಿವನ ಬಾಹುಗಳಿಗೆ ಪೂಜೆ ಸಲ್ಲುವ ಈ ಕಲ್ಲಿನ ದೇವಾಲಯ ಜಗತ್ತಿನ ಅತಿ ಎತ್ತರದ ಶಿವಾಲಯಗಳಲ್ಲಿ ಒಂದು. ದೇವಾಲಯ ಐದಾರು ಡಿಗ್ರಿ ವಾಲಿದೆ ಎಂದು ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆ ಗುರುತಿಸಿದ್ದು 2023ರಲ್ಲಿ ಸುದ್ದಿಯಾಯಿತು. ಅಲ್ಲಿಂದ ಚಂದ್ರಶಿಲಾ ಇನ್ನೊಂದೂವರೆ ಕಿಲೋಮೀಟರ್, ದಾರಿಯ ಅತ್ಯಂತ ಕಡಿದಾದ ಭಾಗ. ತುದಿಯಲ್ಲಿ ನಿಂತರೆ ಪೂರ್ವಕ್ಕೆ ನಂದಾದೇವಿ ಮತ್ತು ತ್ರಿಶೂಲ, ಉತ್ತರಕ್ಕೆ ಚೌಖಂಬಾ, ಅದರ ಎಡಕ್ಕೆ ಕೇದಾರ ಶಿಖರ. ಕಾಲಡಿಯ ಏಣಿನ ಒಂದು ಬದಿಯ ಮಳೆ ಮಂದಾಕಿನಿಗೂ ಇನ್ನೊಂದು ಬದಿಯದು ನೇರವಾಗಿ ಅಲಕನಂದೆಗೂ ಸೇರುತ್ತದೆ.

ಇಷ್ಟು ಹೇಳಿದ ಮೇಲೆ ಎಚ್ಚರಿಕೆಯ ಮಾತನ್ನು ಹೇಳದಿದ್ದರೆ ನನ್ನ ಕರ್ತವ್ಯ ಅರ್ಧವಾಗುತ್ತದೆ. 2024ರ ಜೂನ್ ಆರಂಭದಲ್ಲಿ ಉತ್ತರಾಖಂಡದ್ದೇ ಸಹಸ್ರತಾಲ್ ಸರೋವರದ ಮಾರ್ಗದಲ್ಲಿ ಕರ್ನಾಟಕದಿಂದ ಹೋಗಿದ್ದ ತಂಡವೊಂದು ಹಿಮಗಾಳಿಗೆ ಸಿಕ್ಕಿ ಒಂಬತ್ತು ಮಂದಿ ಪ್ರಾಣ ಕಳೆದುಕೊಂಡರು. ಆ ದಾರಿ ಇದಕ್ಕಿಂತ ಬಹಳ ಎತ್ತರದ್ದು, ನಿಜ. ಆದರೆ ನೆನೆದ ಬಟ್ಟೆ, ಬೀಸುಗಾಳಿ, ದಣಿವು ಮೂರೂ ಸೇರಿದರೆ ಮೈಯ ಶಾಖ ಇಳಿದುಹೋಗುವುದಕ್ಕೆ ಚಂದ್ರಶಿಲಾದ ಎತ್ತರವೂ ಸಾಕು. ಮಳೆಯಂಗಿ, ಒಣಗಿದ ಒಂದು ಜೊತೆ ಉಣ್ಣೆಬಟ್ಟೆ, ಊರಿನ ಮಾರ್ಗದರ್ಶಿ, ಇವು ಮೂರೂ ಇಲ್ಲದೆ ಏಣಿನ ಮೇಲೆ ಕಾಲಿಡಬಾರದು. ಮಧ್ಯಾಹ್ನದ ಮೋಡ ಏರುವ ಮೊದಲೇ ಶಿಖರದಿಂದ ಇಳಿದಿರಬೇಕು. ಜುಲೈ, ಆಗಸ್ಟ್‌ನಲ್ಲಿ ರಸ್ತೆಗಳ ಮೇಲೆ ಗುಡ್ಡ ಕುಸಿಯುವುದರಿಂದ ಆ ತಿಂಗಳುಗಳು ಬೇಡ. ನಡುಚಳಿಗಾಲದಲ್ಲಿ ಚೋಪ್ತಾದ ಮೇಲೆ ಹಿಮ ತುಂಬಿರುತ್ತದೆ, ಅದು ಹಿಮದಲ್ಲಿ ನಡೆದು ಪಳಗಿದವರಿಗೆ ಮಾತ್ರ. ಹೂವು ನೋಡಬೇಕೆನ್ನುವವರು ಏಪ್ರಿಲ್‌ನಲ್ಲಿ ಹೋಗಲಿ. ನನ್ನನ್ನು ಕೇಳಿದರೆ ಅಕ್ಟೋಬರ್‌ನ ಕೊನೆಯ ವಾರಗಳನ್ನೇ ಹೇಳುತ್ತೇನೆ: ಮಳೆ ತೊಳೆದ ಆಕಾಶದಲ್ಲಿ ಶಿಖರಗಳು ಸ್ಪಷ್ಟವಾಗಿರುತ್ತವೆ, ಸರೋವರ ತುಂಬಿರುತ್ತದೆ, ತುಂಗನಾಥದ ಬಾಗಿಲು ಸಾಮಾನ್ಯವಾಗಿ ಇನ್ನೂ ತೆರೆದಿರುತ್ತದೆ.