ಇಪ್ಪತ್ತೊಂದನೇ ತಂತಿ

ಎಲ್ಲರಿಗೂ ನಮಸ್ಕಾರ. ಬೂಟ್‌ಲೋಡರ್ (ಮೆಷಿನ್ ಶುರುವಾದಾಗ ಆಪರೇಟಿಂಗ್ ಸಿಸ್ಟಂ ಅನ್ನ ಮೆಮೊರಿಗೆ ಇಳಿಸೋ ಪ್ರೋಗ್ರಾಮು) ಬರೆದವರು ಮುಂದಿನ ಸಾಲಿನಲ್ಲೇ ಕೂತಿದ್ದೀರಿ, ಒಳ್ಳೇದಾಯ್ತು. ‘ಎಮ್ಯುಲೇಟರ್‌ನಲ್ಲಿ ಓಡ್ತದಲ್ಲ ಸರ್’ ಅನ್ನೋ ಮಾತಿಗೇ ಇವತ್ತಿನ ಉಪನ್ಯಾಸ. ಎಮ್ಯುಲೇಟರ್, ಅಂದರೆ ಮೆಷಿನ್ನನ್ನ ಅನುಕರಿಸೋ ಸಾಫ್ಟ್‌ವೇರ್, ಸಾಮಾನ್ಯವಾಗಿ ಎ20 ಅನ್ನೋ ಇಪ್ಪತ್ತೊಂದನೇ ಅಡ್ರೆಸ್ ತಂತಿಯನ್ನ ತೆರೆದೇ ಕೊಟ್ಟಿರ್ತದೆ. ಹಳೇ 386 ಬೋರ್ಡಿನಲ್ಲಿ ಅದು ಮುಚ್ಚಿದ್ದರೆ, ಒಂದು ಎಂಬಿ ಮೇಲೆ ಇಳಿಸಿದ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಸೊನ್ನೆ ಅಡ್ರೆಸ್ಸಿಗೆ ಬಂದು ಬಿದ್ದು, ಇಂಟರಪ್ಟ್ ಬಂದಾಗ ಎಲ್ಲಿಗೆ ಹೋಗಬೇಕು ಅನ್ನೋ ಪಟ್ಟಿಯನ್ನೇ ಅಳಿಸ್ತದೆ. ಆಮೇಲೆ ಮೆಷಿನ್ ಕಲ್ಲು.

ಮೊದಲ ಐಬಿಎಂ ಪಿಸಿಯ 8088 ಚಿಪ್ಪಿಗೆ ಇದ್ದದ್ದು 20 ಅಡ್ರೆಸ್ ತಂತಿ, ಎ0ಯಿಂದ ಎ19. ಒಂದು ಎಂಬಿ ದಾಟಿದ ಲೆಕ್ಕ ಸೊನ್ನೆಗೆ ಮರಳ್ತಿತ್ತು. ಆ ಪಿಸಿಯ ಆಪರೇಟಿಂಗ್ ಸಿಸ್ಟಂ ಡಾಸ್ ಬರೆದವರು ಅದನ್ನೇ ಉಪಯೋಗಿಸಿಕೊಂಡರು. ಹೇಗೆ ಅಂತ ಬಿಡಿಸಿ ನೋಡೋಣ, ಇದು ಅವಸರದಲ್ಲಿ ಹೇಳೋ ಕಥೆಯಲ್ಲ.

ಡಾಸ್‌ಗಿಂತ ಹಳೇ ಸಿಸ್ಟಂ ಸಿಪಿ/ಎಂನಲ್ಲಿ ಪ್ರೋಗ್ರಾಮು ಅಡ್ರೆಸ್ 5ನ್ನು ಕಾಲ್ ಮಾಡಿ ಕೆಲಸ ಕೇಳ್ತಿತ್ತು. ಪಕ್ಕದ 6ರಲ್ಲಿನ ಎರಡು ಬೈಟ್ ಓದಿದರೆ ಮೆಮೊರಿ ಎಷ್ಟಿದೆ ಅಂತಲೂ ತಿಳೀತಿತ್ತು. ಡಾಸ್ ಎರಡನ್ನೂ ಉಳಿಸಿಕೊಳ್ತು. 5ರಲ್ಲಿ ಫಾರ್ ಕಾಲ್, ಅಂದರೆ ಸೆಗ್ಮೆಂಟ್, ಆಫ್‌ಸೆಟ್ ಎರಡೂ ಕೊಟ್ಟು ಮಾಡೋ ಕಾಲ್; ಸೆಗ್ಮೆಂಟಿನ ಕೊನೆಗೊಂದು ಸೊನ್ನೆ ಹಚ್ಚಿ ಆಫ್‌ಸೆಟ್ ಕೂಡಿದರೆ ಅಡ್ರೆಸ್. 6ರಲ್ಲಿ ಎಫ್‌ಇಎಫ್0 (ಹೆಕ್ಸ್, ಅಂದರೆ ಹದಿನಾರರ ಲೆಕ್ಕ): ಮೆಮೊರಿ ಲೆಕ್ಕವೂ ಅದೇ, ಆಫ್‌ಸೆಟ್ಟೂ ಅದೇ. ಹೋಗಬೇಕಾದ ಜಾಗ ಮಾತ್ರ ಸಿ0. ಅಲ್ಲಿಗೆ ಮುಟ್ಟಿಸೋ ಸೆಗ್ಮೆಂಟ್ ಎಫ್01ಡಿ. ಕೂಡಿ ನೋಡ್ರಿ: ಎಫ್01ಡಿ0, ಎಫ್‌ಇಎಫ್0, ಎರಡೂ ಸೇರಿ 1000ಸಿ0. ಮುಂದಿನ 1ಕ್ಕೆ ತಂತಿಯೇ ಇಲ್ಲ, ಬಿದ್ದುಹೋಯ್ತು. ಉಳಿದದ್ದು ಸಿ0! ಅಂಗಡಿ ಲೆಕ್ಕದಲ್ಲಿ ಕೈಯಲ್ಲಿದ್ದ ಒಂದನ್ನ ಮರೆತರೆ ಬೈಸಿಕೊಳ್ತೀವಿ. ಇಲ್ಲಿ ಮರೆಯೋದರ ಮೇಲೇ ಕೆಲಸ ನಿಂತಿತ್ತು.

1984ರ ಪಿಸಿ/ಎಟಿಯ 80286ಕ್ಕೆ 24 ತಂತಿ. ಆ 1 ಈಗ ಬೀಳೋದಿಲ್ಲ. ಚಿಪ್ ಲೆಕ್ಕ ಸರಿ ಮಾಡ್ತು, ಪ್ರೋಗ್ರಾಮು ಕೆಡ್ತು. ಐಬಿಎಂ ಎ20ಗೆ ಒಂದು ಗೇಟ್ ಹಾಕಿ, ಕೀಬೋರ್ಡ್ ಕಂಟ್ರೋಲರ್ 8042ರಲ್ಲಿ ಖಾಲಿ ಇದ್ದ ಪಿನ್ನಿಗೆ ಅದನ್ನ ಕಟ್ಟಿತು. ಹೊಂದಾಣಿಕೆ ಅಂದರೆ ಮ್ಯಾನುಯಲ್ ಪಾಲಿಸೋದಷ್ಟೇ ಅಲ್ಲ, ಹಳೇ ಕೊರತೆಯನ್ನೂ ಸಾಕೋದು. ಇದನ್ನ ಇನ್ನೂ ಎರಡು ಸಲ ಹೇಳ್ತೀನಿ, ಸಹಿಸಿಕೊಳ್ಳಿ.

ಗೇಟ್ ಅಂದರೆ ದಾವಣಗೆರೆಯವರಿಗೆ ಅಶೋಕ ಟಾಕೀಸ್ ರೈಲ್ವೆ ಗೇಟ್. ಕಾಯೋದನ್ನ ನಿಮಗೆ ಹೇಳಿಕೊಡಬೇಕಿಲ್ಲ. ಎ20 ಗೇಟ್ ತೆರೆಯೋದೂ ಅಷ್ಟೇ. ಇಂಟರಪ್ಟ್ ನಿಲ್ಲಿಸಿ. ಹೆಕ್ಸ್ 64 ಪೋರ್ಟ್ (8042ರ ಜೊತೆ ಮಾತಾಡೋ ಬಾಗಿಲು) ಓದ್ತಾ ಬಿಟ್ 1 ಸೊನ್ನೆ ಆಗೋವರೆಗೆ ಕಾಯಿರಿ. ಅದೇ ಪೋರ್ಟಿಗೆ ಡಿ1 ಬರೆಯಿರಿ. ಮತ್ತೆ ಕಾಯಿರಿ. ಆಮೇಲೆ ಹೆಕ್ಸ್ 60ಕ್ಕೆ ಡಿಎಫ್. 8042 ನಿಧಾನದ ಆಸಾಮಿ; ಕಾಯದೆ ಬರೆದರೆ ಆದೇಶ ಕಳೆದುಹೋಗ್ತದೆ. ತೆರೆದಿದೆಯಾ ಅಂತ ನೋಡೋಕೆ 0000:0500ರಲ್ಲಿ ಒಂದು ಬೈಟ್ ಬರೆದು ಎಫ್‌ಎಫ್‌ಎಫ್‌ಎಫ್:0510ರಲ್ಲಿ ಓದಿ. ಅದೇ ಬೈಟ್ ಕಂಡರೆ ಕಾಕತಾಳೀಯವೂ ಇರಬಹುದು, ಬದಲಿಸಿ ಇನ್ನೊಮ್ಮೆ ಓದಿ. ಆಗಲೂ ಜೊತೆಗೇ ಬದಲಾದರೆ ಗೇಟ್ ಮುಚ್ಚಿದೆ.

ಚೀಟಿ ಬಂತು, ಐದೇ ನಿಮಿಷವಂತೆ. ಸರಿ, ಬೇಗ ಬೇಗ. ಡಾಸ್ 5 ತಾನು ಒಂದು ಎಂಬಿ ಮೇಲಿನ ಮೆಮೊರಿಗೆ ಹತ್ತಿ ಎ20 ತೆರೆದಿಟ್ಟಿತು. ಕೆಳಗೆ ಜಾಗ ಖಾಲಿಯಾಗಿ ಪ್ರೋಗ್ರಾಮುಗಳು ಮೊದಲ 64 ಕೆಬಿಯೊಳಗೇ ಇಳಿಯತೊಡಗಿದವು. ಎಕ್ಸಿಪ್ಯಾಕ್ (EXEPACK) ಅನ್ನೋ ಸಾಧನದಿಂದ ಕುಗ್ಗಿಸಿದ ಪ್ರೋಗ್ರಾಮು ಫೈಲುಗಳು ‘ಪ್ಯಾಕ್ಡ್ ಫೈಲ್ ಈಸ್ ಕರಪ್ಟ್’ ಅಂದವು. ಫೈಲ್ ಕೆಟ್ಟಿರಲಿಲ್ಲ, ಬಿಚ್ಚೋ ಕೋಡು ಸೊನ್ನೆಗೆ ಮರಳೋ ಹಳೇ ಸುತ್ತನ್ನೇ ನಂಬಿತ್ತು. ಡಾಸ್‌ನ ಲೋಡ್‌ಫಿಕ್ಸ್ ಆದೇಶ ಹಾಕಿ ಓಡಿಸಿದರೆ ಪ್ರೋಗ್ರಾಮು 64 ಕೆಬಿ ಮೇಲೆ ಇಳೀತದೆ, ಮುಗೀತು. ನೋಡಿದ್ರಾ, ಮತ್ತೆ ಹಳೇ ಕೊರತೆ.

ಪ್ರೋಗ್ರಾಮು ಬರೆಯೋ ಸಾಧನ ಟರ್ಬೊ ಪ್ಯಾಸ್ಕಲ್‌ನ ‘ರನ್‌ಟೈಮ್ ಎರರ್ 200’ ಇದೇ ಜಾತಿ. ಅದರಲ್ಲಿ ಬರೆದ ಪ್ರೋಗ್ರಾಮು 55 ಮಿಲಿಸೆಕೆಂಡಿನಲ್ಲಿ ಲೂಪ್ ಎಷ್ಟು ಸಲ ಓಡ್ತದೆ ಅಂತ ಎಣಿಸಿ 55ರಿಂದ ಭಾಗಿಸ್ತದೆ. ವೇಗದ ಪೆಂಟಿಯಂನಲ್ಲಿ ಉತ್ತರ 16 ಬಿಟ್ಟಿಗೆ ಹಿಡಿಸೋದಿಲ್ಲ. ಸೊನ್ನೆಯಿಂದ ಭಾಗಿಸಿದಿರಿ ಅಂತ ದೂರು ಬೇರೆ.

ಇನ್ನೊಂದು ಚೀಟಿ. ಆಯ್ತಪ್ಪಾ. 0500ರಲ್ಲಿದ್ದ ಹಳೇ ಬೈಟ್ ವಾಪಸ್ ಬರೆಯೋದನ್ನ ಮರೀಬೇಡ್ರಿ.