ಕೋಳಿ ರೆಕ್ಕಿ, ಬಾವಲಿ ರೆಕ್ಕಿ: ಸಂಬಂಧ ಎಲುಬಿಗೆ ಗೊತ್ತು

[ದೃಶ್ಯ: ಗಂಗಾವತಿ, ಅಡುಗೆಮನಿ. ತಾಟಿನಾಗ ಬೇಯಿಸಿದ ಕೋಳಿ ರೆಕ್ಕಿ. ಕ್ಯಾಮೆರಾ ಭಾಳ ಹತ್ತಿರ.]

ನಮಸ್ಕಾರ್ರಿ. ಐತವಾರದ ಸಾರಿನಾಗಿಂದ ಒಂದು ರೆಕ್ಕಿ ಎತ್ತಿಟ್ಟೀನಿ. ಅವ್ವ ಬೈದ್ಲು, ಇರಲಿ. ಮಾಂಸ ಬಿಡಿಸಿ ಎಲುಬು ಅಷ್ಟ ನೋಡೋಣ. ಮೊದಲು ಒಂದು ದಪ್ಪ ಎಲುಬು. ಅದರ ಮುಂದ ಜೋಡಿ ಎಲುಬು, ಒಂದು ದಪ್ಪ, ಒಂದು ತೆಳ್ಳಗ. ಆಮ್ಯಾಲೆ ಮಣಿಕಟ್ಟು. ತುದಿಯಾಗ ಏನೂ ಮಾಂಸ ಇಲ್ಲ ಅಂತ ಬಿಸಾಕತೀವಲ್ಲ ಆ ಮೊನಚು, ಅದು ಕೂಡಿ ಅಂಟಿಕೊಂಡ ಬೆರಳು.

ಈಗ ನಿಮ್ಮ ತೋಳು ಮುಟ್ಟಿ ನೋಡ್ರಿ. ಭುಜದಿಂದ ಮೊಣಕೈ ತನಕ ಒಂದು, ಅಲ್ಲಿಂದ ಮಣಿಕಟ್ಟಿನ ತನಕ ಎರಡು. ಅಂಗೈ ಮ್ಯಾಲೆ-ಕೆಳಗ ಮಾಡ್ರಿ. ಆ ಎರಡು ಒಂದರ ಮ್ಯಾಲೊಂದು ಹೊರಳೋದು ಸಿಗತೈತಿ.

ಎತ್ತಿನ ಮುಂಗಾಲು, ತುಂಗಭದ್ರಾದ ನೀರುನಾಯಿ ಪಂಜ, ಸಮುದ್ರದ ತಿಮಿಂಗಿಲದ ಈಜುರೆಕ್ಕಿ, ಎಲ್ಲಾ ಕಡೆ ಇದೇ ಲೆಕ್ಕ. ಸಣ್ಣದಾಗಿರಬಹುದು, ಅಂಟಿಕೊಂಡಿರಬಹುದು, ಲೆಕ್ಕ ತಪ್ಪಂಗಿಲ್ಲ. ಯಾಕಂದ್ರ ಎಲ್ಲಾ ಒಂದೇ ಪೂರ್ವಜನ ಕಾಲು, ತಲಿಮಾರಿಗೆ ತಲಿಮಾರು ತಿದ್ದಿದ್ದು. ಇದಕ್ಕ ಹೊಮೊಲೊಗಸ್ ಅಂತಾರ, ಪಾಠದ ಕನ್ನಡದಾಗ ರಚನಾನುರೂಪಿ ಅಂಗ. 1843ರಾಗ ಈ ಮಾತಿಗೆ ಖಚಿತ ಅರ್ಥ ಕೊಟ್ಟವ ಬ್ರಿಟನ್ನಿನ ಪ್ರಾಣಿಶಾಸ್ತ್ರಜ್ಞ ರಿಚರ್ಡ್ ಓವೆನ್. ತಮಾಷಿ ಅಂದ್ರ, ಜೀವಿಗಳು ಹಳೇ ಪೂರ್ವಜರಿಂದ ಬದಲಾಗ್ತಾ ಬಂದಾವ ಅನ್ನೋ ಡಾರ್ವಿನ್ ಪುಸ್ತಕ 1859ರಾಗ ಬಂದಾಗ ಅದಕ್ಕ ಜೋರಾಗಿ ಎದುರು ನಿಂತವನೂ ಇವನ.

[ದೃಶ್ಯ: ನೆಲ್ಲಿನ ಗದ್ದಿ, ಎಲಿ ತುದಿಗೆ ಏರೋಪ್ಲೇನ್ ಚಿಟ್ಟೆ.]

ಇದರ ಕಾಲು ಎಣಸ್ರಿ. ಆರು, ಎಲ್ಲಾ ಸರಿ ಅದಾವ. ನಾಕು ರೆಕ್ಕಿ ಬೇರೆ, ಬೆನ್ನಿನ ಮ್ಯಾಲೆ. ಒಳಗ ಒಂದೂ ಎಲುಬಿಲ್ಲ. ಹಾರೋ ಸಲುವಾಗಿ ಕೋಳಿ ಜಾತಿ ಎರಡು ಕೈ ಕಳಕೊಂಡೈತಿ, ಈ ಹುಳ ಏನೂ ಕಳಕೊಂಡಿಲ್ಲ. ಕೆಲಸ ಒಂದೇ, ಮೂಲ ಬೇರೆ. ಇದು ಅನಲಾಗಸ್, ಕಾರ್ಯಾನುರೂಪಿ.

[ದೃಶ್ಯ: ಆನೆಗುಂದಿ, ಸಂಜಿ, ಬಾವಲಿ ಹಾರೋದು.]

ಹಂಗಾರ ಬಾವಲಿ ರೆಕ್ಕಿ, ಹಕ್ಕಿ ರೆಕ್ಕಿ? ಹುಡುಗರು ಎಡವೋದ ಇಲ್ಲಿ. ಬಾವಲಿದು ನಾಕು ಉದ್ದ ಬೆರಳಿನ ನಡುವ ಕೊಡಿ ಬಟ್ಟಿ ಹಂಗ ತೊಗಲು ಬಿಗಿದಿದ್ದು. ಹೆಬ್ಬೆರಳು ಉಗುರಿನ ಸಮೇತ ಹೊರಗ. ಹಕ್ಕಿದು ಪುಕ್ಕ. ಇವೆರಡರ ಕೊನೇ ಸಮಾನ ಪೂರ್ವಜ 30 ಕೋಟಿ ವರ್ಷಕ್ಕೂ ಹಿಂದ ಇತ್ತು, ನಾಕು ಕಾಲಿನ ಮ್ಯಾಲೆ ನಡಿಯೋದು, ಹಾರತಿರಲಿಲ್ಲ. ಅಂದ್ರ ಕೈ ಅಂತ ಕೇಳಿದ್ರ ಹೊಮೊಲೊಗಸ್, ರೆಕ್ಕಿ ಅಂತ ಕೇಳಿದ್ರ ಅನಲಾಗಸ್. ‘ಯಾವುದಾಗಿ?’ ಅಂತ ಕೇಳದ ಪ್ರಶ್ನೆ ಪತ್ರಿಕಿ ನನ್ನ ಪ್ರಕಾರ ಅರ್ಧ ಪ್ರಶ್ನೆ.

[ದೃಶ್ಯ: ದರೋಜಿ ಬಂಡೆಗಳು, ಕರಡಿ. ಆಮ್ಯಾಲೆ ಚಿಪ್ಪುಹಂದಿ ಚಿತ್ರ.]

ದರೋಜಿ ಕರಡಿಧಾಮ ಆಗಿದ್ದು 1994ರಾಗ. ಈ ಕರಡಿಗೆ ಮ್ಯಾಲಿನ ನಡುವಿನ ಎರಡು ಹಲ್ಲಿಲ್ಲ. ಆ ಸಂದಿಯಾಗಿಂದ ಹುತ್ತದ ಗೆದ್ದಲು ಸರ್ ಅಂತ ಎಳಕೋತೈತಿ. ಚಿಪ್ಪುಹಂದಿಗಂತೂ ಒಂದೂ ಹಲ್ಲಿಲ್ಲ, ಉದ್ದನ ಅಂಟು ನಾಲಿಗಿ. ದಕ್ಷಿಣ ಅಮೆರಿಕದ ಇರುವೆಭಕ್ಷಕನೂ ಥೇಟ್ ಹಂಗ. ಹಿಂದ ವಿಜ್ಞಾನಿಗಳೂ ಮೋಸ ಹೋಗಿ ಇವೆರಡನ್ನ ‘ಹಲ್ಲಿಲ್ಲದವು’ ಅಂತ ಒಂದೇ ಗುಂಪಿಗೆ ಹಾಕಿದ್ರು.

ಡಿಎನ್‌ಎ ಬೇರೆ ಹೇಳ್ತು. ಚಿಪ್ಪುಹಂದಿ ಹಂದಿ ಅಲ್ಲ, ಇರುವೆಭಕ್ಷಕನ ತಮ್ಮನೂ ಅಲ್ಲ. ಅದಕ್ಕ ಹತ್ತಿರದ ಮನಿತನ ಬೆಕ್ಕು, ನಾಯಿ, ಕರಡಿಗಳದ್ದು. ಅಂದ್ರ ದರೋಜಿ ಕರಡಿ ಅದಕ್ಕ ದೂರದ ದಾಯಾದಿ. ಅಷ್ಟಾದ್ರೂ ಗೆದ್ದಲು ತಿನ್ನೋ ಚಟ ಮಾತ್ರ ಹಿರಿಯರಿಂದ ಬಂದಿದ್ದಲ್ಲ, ಎರಡಕ್ಕೂ ಬೇರೆ ಬೇರೆಯಾಗೇ ಹತ್ತಿದ್ದು.